ವಿಸ್ಕೊಂಟಿಯ ಮೊದಲನೇ ಸಿನಿಮಾ ನೋಡ್ದೆ, ಕೊಲೆ ಕಥೆನ ರಿಯಲಿಸಂನ ಬೇರು ಅಂತ ಯಾಕಂತಾರೆ?

ಹೈವೇ_ಖಾನಾವಳಿ:

ಎಲ್ರಿಗೂ ನಮಸ್ಕಾರ್ರಿ. ನಮ್ದು ಭರಮಸಾಗರದಿಂದ ದಾವಣಗೆರೆ ಕಡೆ ಬರೋ ದಾರೀಲಿ ಹೈವೇ ಪಕ್ಕ ಸಣ್ಣದೊಂದು ಖಾನಾವಳಿ ಐತೆ, ಅಪ್ಪ ಗಲ್ಲಾದಾಗ ಕೂರ್ತಾರೆ, ಅಮ್ಮ ರೊಟ್ಟಿ ಬಡೀತಾಳೆ, ನಾನು ಸಪ್ಲೈ, ಲೆಕ್ಕ, ಸಾಮಾನು ತರೋದು ಎಲ್ಲಾ. ರಾತ್ರಿ ಹನ್ನೊಂದೂವರೆ ಮೇಲೆ ಲಾರಿಯೋರೂ ಕಮ್ಮಿ ಆಗ್ತಾರೆ, ಆವಾಗ ಫೋನಲ್ಲಿ ಹಳೇ ಸಿನಿಮಾ ನೋಡೋದು ನಂಗೆ ಅಭ್ಯಾಸ. ಡಿಗ್ರಿ ಓದೋವಾಗ ಡಿ ಸಿಕಾನ ಬೈಸಿಕಲ್ ಥೀವ್ಸ್ ನೋಡಿದ್ದೆ, ಅವತ್ತು ರಾತ್ರಿ ನಿದ್ದೆ ಬಂದಿರ್ಲಿಲ್ಲ, ಅಲ್ಲಿಂದ ಇಟಲಿ ಸಿನಿಮಾ ಹುಡ್ಕಿ ಹುಡ್ಕಿ ನೋಡ್ತಿದೀನಿ.

ಎಲ್ಲಾ ಕಡೆ ಓದಿದ್ದು ಏನಂದ್ರೆ ನಿಯೋರಿಯಲಿಸಂಗೆ, ಅಂದ್ರೆ ಸ್ಟುಡಿಯೋ ಬಿಟ್ಟು ಬೀದೀಲಿ ಸಾಮಾನ್ಯ ಜನರ ಬದುಕನ್ನ ಇದ್ದಂಗೇ ತೋರಿಸೋ ಇಟಲಿಯ ಈ ಸಿನಿಮಾ ರೀತಿಗೆ, ಬೇರು ಲುಕಿನೋ ವಿಸ್ಕೊಂಟಿ 1943ರಲ್ಲಿ ಮಾಡಿದ ಮೊದಲನೇ ಸಿನಿಮಾ ಒಸ್ಸೆಸ್ಸಿಯೋನೆ ಅಂತ. ಮೊನ್ನೆ ಎರಡು ರಾತ್ರಿ ಮಾಡ್ಕೊಂಡು ನೋಡಿ ಮುಗಿಸ್ದೆ, ಎರಡು ತಾಸಿನ ಮೇಲೆ ಐತೆ. ನೋಡಿದ ಮೇಲೆ ತಲೆ ಕೆಟ್ಟೋಯ್ತು. ಒಬ್ಬ ಅಲೆಮಾರಿ ಹುಡುಗ ಜೀನೋ ಲಾರೀಲಿ ಬಂದು ರಸ್ತೆ ಪಕ್ಕದ ಹೋಟ್ಲಿನ ಮುಂದೆ ಇಳೀತಾನೆ, ಹೋಟ್ಲಿನ ಯಜಮಾನ ಬ್ರಗಾನಾಗೆ ವಯಸ್ಸಾಗೈತೆ, ಹೆಂಡ್ತಿ ಜೊವಾನ್ನಾ ಚಿಕ್ಕೋಳು, ಇಬ್ರೂ ಸೇರಿ ಯಜಮಾನನ್ನ ಕೊಂದು ಆಕ್ಸಿಡೆಂಟ್ ಅಂತ ತೋರಿಸ್ತಾರೆ, ಆಮೇಲೆ ಇನ್ಶೂರೆನ್ಸ್ ದುಡ್ಡು, ಅನುಮಾನ, ಪೊಲೀಸ್. ಹೀರೋ ಹೀರೋಯಿನ್ ಇಬ್ರೂ ಆವಾಗಿನ ಸ್ಟಾರ್‌ಗಳಂತೆ. ಕಥೆ ನೋಡಿದ್ರೆ ಅಮೆರಿಕಾದ ಕ್ರೈಂ ಕಾದಂಬರಿದು. ಬಡತನ ಇಲ್ಲ, ಕೆಲಸಕ್ಕೆ ಅಲೆಯೋದಿಲ್ಲ, ಬೀದಿಯಿಂದ ಕರ್ಕೊಂಡು ಬಂದ ಜನ ಇಲ್ಲ. ಹಂಗಿದ್ರೆ ಇದು ರಿಯಲಿಸಂಗೆ ಹೆಂಗೆ ಬೇರಾಯ್ತು?

ಆದ್ರೆ ಇನ್ನೊಂದು ಮಾತೂ ಹೇಳ್ಬೇಕು. ಸಿನಿಮಾ ಶುರುವಾಗೋದೇ ಲಾರಿಯ ಗಾಜಿನ ಒಳಗಿಂದ ರಸ್ತೆ ತೋರಿಸಿ. ಲಾರಿ ಬಂದು ಹೋಟ್ಲ ಮುಂದೆ ನಿಂತಾಗ ನಂಗೆ ಮೈ ಜುಂ ಅಂತು, ಯಾಕಂದ್ರೆ ನಾನು ದಿನಾ ನೋಡೋದು ಅದೇ. ಇದು ಬರೀ ನಂಗೆ ಮಾತ್ರ ಹಂಗನಿಸ್ತೋ, ಇಲ್ಲಾ ಅದರಲ್ಲೇ ಏನೋ ಐತೋ ಗೊತ್ತಾಗ್ತಿಲ್ಲ. ತಿಳಿದೋರು ಬಿಡಿಸಿ ಹೇಳಿ.

ರೀಲು_ಡಬ್ಬಿ:

ತಮ್ಮಾ ಒಳ್ಳೇ ಪ್ರಶ್ನೆ. ನಂಗೀಗ ಅರವತ್ತೆರಡು, ದಾವಣಗೆರೇಲಿ ಎಂಬತ್ತರ ದಶಕದಲ್ಲಿ ನಾವೊಂದಿಷ್ಟು ಜನ ಕಾಲೇಜೊಂದರ ಹಾಲ್ ಕೇಳಿಕೊಂಡು 16 ಎಂಎಂ ಪ್ರೊಜೆಕ್ಟರ್ ಇಟ್ಟು ಸಿನಿಮಾ ತೋರಿಸ್ತಿದ್ವಿ, ರೀಲಿನ ಡಬ್ಬಿ ಬಸ್ಸಲ್ಲಿ ಬರ್ತಿತ್ತು, ಅದನ್ನ ಇಳಿಸ್ಕೊಂಡು ಸೈಕಲ್ ಕ್ಯಾರಿಯರ್‌ಗೆ ಕಟ್ಟಿ ತರೋ ಕೆಲಸ ನಂದು. ಆವಾಗ ನೀನು ಹೇಳಿದ ಡಿ ಸಿಕಾ ಸಿನಿಮಾ ನೋಡಿದ್ವಿ, ಆದ್ರೆ ಈ ವಿಸ್ಕೊಂಟಿ ಸಿನಿಮಾ ನಾನು ನೋಡಿದ್ದು ತೀರಾ ಈಚೆಗೆ.

ಯಾಕೆ ತಡ ಆಯ್ತು ಅನ್ನೋದಕ್ಕೇ ಒಂದು ಕಥೆ ಇದೆ. ನೀನು ಹೇಳಿದ ಅಮೆರಿಕಾದ ಕಾದಂಬರಿ ಜೇಮ್ಸ್ ಎಂ ಕೇನ್ 1934ರಲ್ಲಿ ಬರೆದದ್ದು. ವಿಸ್ಕೊಂಟಿ ಹಕ್ಕು ತಗೊಂಡಿರ್ಲೇ ಇಲ್ಲ, ಯುದ್ಧದ ಕಾಲ. ಆ ಕಡೆ ಹಾಲಿವುಡ್‌ನ ಎಂಜಿಎಂ ಕಂಪನಿ ಹತ್ರ ಹಕ್ಕಿತ್ತು, ಅವರು 1946ರಲ್ಲಿ ತಮ್ಮದೇ ಸಿನಿಮಾ ಮಾಡಿದ್ರು. ಹಂಗಾಗಿ ಇಟಲಿಯ ಈ ಸಿನಿಮಾ ಅಮೆರಿಕಾದಲ್ಲಿ ಜನ ನೋಡಿದ್ದು 1976ರಲ್ಲಿ, ಅಂದ್ರೆ ವಿಸ್ಕೊಂಟಿ ತೀರಿಕೊಂಡ ವರ್ಷ. ಅಷ್ಟರಲ್ಲಿ ಇಂಗ್ಲಿಷ್ ಪುಸ್ತಕಗಳಲ್ಲಿ ಇಟಲಿಯ ಕಥೆ ರೊಸ್ಸೆಲಿನಿಯ 1945ರ ಸಿನಿಮಾ ರೋಮ್ ಓಪನ್ ಸಿಟಿಯಿಂದಲೇ ಶುರು ಅಂತ ಗಟ್ಟಿಯಾಗಿ ಕೂತಾಗಿತ್ತು. ನಮ್ಮಂಥೋರು ಓದಿದ್ದೆಲ್ಲಾ ಆ ಪುಸ್ತಕಗಳೇ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಈ ಸಿನಿಮಾ ಯಾವುದರ ಎದುರಿಗೆ ನಿಂತಿತ್ತು ಅಂತ ನೋಡ್ಬೇಕು. ಮುಸೊಲಿನಿ ಕಾಲದಲ್ಲಿ 1937ರಲ್ಲಿ ರೋಮ್‌ನಲ್ಲಿ ಚಿನೆಚಿತ್ತಾ ಅಂತ ದೊಡ್ಡ ಸ್ಟುಡಿಯೋ ಕಟ್ಟಿದ್ರು. ಆ ಕಾಲದಲ್ಲಿ ಬರ್ತಿದ್ದ ಸಿನಿಮಾಗಳಲ್ಲಿ ಒಂದು ದೊಡ್ಡ ಪಾಲು ಶ್ರೀಮಂತರ ಮನೆ, ಹೊಳೆಯೋ ನೆಲ, ಬಿಳೀ ಟೆಲಿಫೋನು ಇಟ್ಕೊಂಡು ಪ್ರೇಮದ ಮಾತಾಡೋರ ಕಥೆಗಳು, ಅವಕ್ಕೆ ಬಿಳಿ ಟೆಲಿಫೋನ್ ಸಿನಿಮಾ ಅಂತಲೇ ಹೆಸರು ಬಿತ್ತು. ಅಂಥದ್ದನ್ನೇ ನೋಡ್ತಿದ್ದ ಜನಕ್ಕೆ ಈತ ತೋರಿಸಿದ್ದು ಪೋ ನದಿ ಬಯಲಿನ ಧೂಳು ರಸ್ತೆ, ನೊಣ, ಬೆವರು, ಹರಿದ ಬನಿಯನ್ನು, ಗಂಡನ ಮೈ ಕಂಡ್ರೆ ಹೇಸೋ ಹೆಂಡ್ತಿ. ಫೆರಾರಾ, ಆಂಕೋನಾ ಊರುಗಳಲ್ಲಿ ಬೀದೀಲೇ ಶೂಟಿಂಗು.

ಇದರ ಹಿಂದೆ ಇದ್ದೋರು ಯಾರು ಅನ್ನೋದು ನಂಗೆ ಇನ್ನೂ ಆಶ್ಚರ್ಯ. ಚಿನೆಮಾ ಅಂತ ಒಂದು ಪತ್ರಿಕೆ ಇತ್ತು, ಅದರ ಸಂಪಾದಕ ವಿತ್ತೋರಿಯೋ ಮುಸೊಲಿನಿ, ಸರ್ವಾಧಿಕಾರಿಯ ಸ್ವಂತ ಮಗ. ಅದೇ ಪತ್ರಿಕೇಲಿ ಬರೀತಿದ್ದ ಹುಡುಗರು ಜುಸೆಪ್ಪೆ ಡಿ ಸಾಂಟಿಸ್, ಮಾರಿಯೋ ಅಲಿಕಾಟಾ, ಜಾನ್ನಿ ಪುಚ್ಚಿನಿ. ಅಲಿಕಾಟಾ ಆವಾಗ್ಲೇ ಗುಟ್ಟಾಗಿ ಕಮ್ಯುನಿಸ್ಟ್ ಪಾರ್ಟೀಲಿದ್ದ. ಡಿ ಸಾಂಟಿಸ್, ಅಲಿಕಾಟಾ ಇಬ್ರೂ 1941ರಲ್ಲಿ ಸಿಸಿಲಿಯ ಲೇಖಕ ಜೊವಾನ್ನಿ ವೆರ್ಗಾನ ಹಿಡ್ಕೊಂಡು ಬರೆದ್ರು, ನಮ್ಮ ಸಿನಿಮಾ ಅವನ ಮೀನುಗಾರರ, ರೈತರ ಹತ್ರ ಹೋಗ್ಬೇಕು ಅಂತ. ವಿಸ್ಕೊಂಟಿ ಮೊದಲು ಮಾಡ್ಬೇಕು ಅಂದುಕೊಂಡಿದ್ದೂ ವೆರ್ಗಾನ ಒಂದು ಕಥೆನೇ, ಅದು ಡಕಾಯಿತನ ಕಥೆ, ಸರ್ಕಾರ ಬೇಡ ಅಂತು. ಆಮೇಲೆ ಈ ಕೊಲೆ ಕಥೆ ಕೈಗೆತ್ತಿಕೊಂಡ್ರು. ಅಂದ್ರೆ ನೀನು ಕೇಳಿದ ಹಂಗೆ ಯಾಕೆ ಕೊಲೆ ಕಥೆ ಅಂದ್ರೆ, ನೇರವಾಗಿ ಬಡವರ ಕಥೆ ಹೇಳೋಕೆ ಬಿಡ್ಲಿಲ್ಲ, ಕ್ರೈಂ ಕಥೆಯೊಳಗೆ ತಮಗೆ ಬೇಕಾದ ದೇಶ ತುಂಬಿಸಿದ್ರು.

ಆ ಕಾದಂಬರಿ ಸಿಕ್ಕಿದ್ದು ಹೆಂಗೆ ಅಂದ್ರೆ ಫ್ರಾನ್ಸ್‌ನ ನಿರ್ದೇಶಕ ಜಾನ್ ರೆನ್ವಾ ಕೊಟ್ಟಿದ್ದು, ಫ್ರೆಂಚ್ ಅನುವಾದದ ಟೈಪ್ ಮಾಡಿದ ಪ್ರತಿ. ವಿಸ್ಕೊಂಟಿ ಮಿಲಾನ್‌ನ ದೊಡ್ಡ ಜಮೀನ್ದಾರಿ ಮನೆತನದೋನು, 1906ರಲ್ಲಿ ಹುಟ್ಟಿದ್ದು, ರೇಸ್ ಕುದುರೆ ಸಾಕ್ತಿದ್ದ. ಮೂವತ್ತರ ವಯಸ್ಸಲ್ಲಿ ಪ್ಯಾರಿಸ್‌ಗೆ ಹೋಗಿ 1936ರಲ್ಲಿ ರೆನ್ವಾ ಹತ್ರ ಸಹಾಯಕನಾಗಿ ಸೇರಿದ. ಅದಕ್ಕೂ ಒಂದು ವರ್ಷ ಮುಂಚೆ ರೆನ್ವಾ ಟೋನಿ ಅಂತ ಸಿನಿಮಾ ಮಾಡಿದ್ದ, ದಕ್ಷಿಣ ಫ್ರಾನ್ಸ್‌ಗೆ ಕೂಲಿಗೆ ಬಂದ ವಲಸೆ ಜನರ ನಡುವೆ ನಡೆಯೋ ಪ್ರೇಮ ಮತ್ತು ಕೊಲೆಯ ಕಥೆ, ಸ್ಟುಡಿಯೋ ಬಿಟ್ಟು ಆ ಜಾಗದಲ್ಲೇ ತೆಗೆದದ್ದು. ಎರಡನ್ನೂ ಒಂದರ ಹಿಂದೆ ಒಂದು ನೋಡು ತಮ್ಮಾ, ಬೇರು ಎಲ್ಲಿ ಹೋಗಿ ಸೇರುತ್ತೆ ಅಂತ ಕಣ್ಣಿಗೇ ಕಾಣುತ್ತೆ.

ಮಂಡಕ್ಕಿ_ಭಟ್ಟಿ:

ಸರ್ ಹೇಳಿದ್ದು ಸರಿ, ಆದ್ರೆ ಎಲ್ಲಾದನ್ನೂ ಈ ಒಂದೇ ಸಿನಿಮಾ ಮೇಲೆ ಹೊರಿಸೋದು ನಂಗೆ ಒಪ್ಪಿಗೆ ಇಲ್ಲ. ಬೇರು ಅಂದ್ರೆ ಇನ್ನೂ ಕೆಳಗೆ ಅಗೀಬೇಕು. 1914ರಲ್ಲೇ ನೀನೋ ಮಾರ್ತೊಲ್ಯೋ ಅನ್ನೋನು ನೇಪಲ್ಸ್‌ನ ಬಡವರ ಓಣಿ, ಸಾಹುಕಾರರ ಮನೆ ಎರಡನ್ನೂ ಎದುರುಬದುರು ಇಟ್ಟು ಸ್ಪೆರ್ದೂತಿ ನೆಲ್ ಬುಯೋ ಅಂತ ಮೂಕಿ ಸಿನಿಮಾ ಮಾಡಿದ್ದ, ಅಂದ್ರೆ ಕತ್ತಲಲ್ಲಿ ಕಳೆದುಹೋದೋರು ಅಂತ. ಹೆಸರಿಗೆ ತಕ್ಕಂಗೆ ಆ ಪ್ರಿಂಟೂ ಎರಡನೇ ಮಹಾಯುದ್ಧದಲ್ಲಿ ಕಳೆದೇ ಹೋಯ್ತು, ಇವತ್ತು ಯಾರೂ ನೋಡೋಕೆ ಆಗಲ್ಲ. ಮುಂದಿನ ವರ್ಷ 1915ರಲ್ಲಿ ಅಸ್ಸುಂತಾ ಸ್ಪೀನಾ ಬಂತು, ಫ್ರಾಂಚೆಸ್ಕಾ ಬೆರ್ತೀನಿ ಆವಾಗಿನ ದೊಡ್ಡ ತಾರೆ, ಆಕೆ ನೇಪಲ್ಸ್ ಬೀದೀಲಿ ಬಟ್ಟೆ ಒಗೆಯೋ ಅಂಗಡಿ ನಡೆಸೋ ಹೆಂಗಸಾಗಿ ನಿಂತಿದ್ಲು. 1934ರಲ್ಲಿ ಬ್ಲಸೆತ್ತಿ 1860 ಅನ್ನೋ ಸಿನಿಮಾದಲ್ಲಿ ಸಿಸಿಲಿಯ ಜನರನ್ನೇ ಅವರ ಭಾಷೇಲೇ ಮಾತಾಡಿಸಿದ್ದ.

ಇದಕ್ಕಿಂತ ಮುಖ್ಯವಾದ್ದು ಇನ್ನೊಂದೈತೆ, ಇದನ್ನ ಹೇಳೋಕೇ ನಾನು ಬರೆಯೋಕೆ ಕೂತಿದ್ದು. ರೊಸ್ಸೆಲಿನಿ ಅಂದ್ರೆ ರೋಮ್ ಓಪನ್ ಸಿಟಿ ಅಂತೀವಲ್ಲ, ಆತನ ಮೊದಲನೇ ದೊಡ್ಡ ಸಿನಿಮಾ 1941ರ ಲಾ ನಾವೆ ಬಿಯಾಂಕಾ, ಬಿಳೀ ಹಡಗು ಅಂತ. ಅದರಲ್ಲಿ ನಟರಿಲ್ಲ, ನಿಜವಾದ ನೌಕಾಪಡೆ ಹುಡುಗರು, ನಿಜವಾದ ನರ್ಸುಗಳು, ನಿಜವಾದ ಆಸ್ಪತ್ರೆ ಹಡಗು. ನಾವು ಪುಸ್ತಕದಲ್ಲಿ ಓದೋ ಲಕ್ಷಣ ಎಲ್ಲಾ ಐತೆ. ಆದ್ರೆ ಅದು ಯಾರ ಸಿನಿಮಾ? ಮುಸೊಲಿನಿ ನೌಕಾಪಡೆಯ ಸಿನಿಮಾ, ಯುದ್ಧದ ಪ್ರಚಾರಕ್ಕೆ ಮಾಡಿದ್ದು. ಅದೇ ವರ್ಷ ಡಿ ರೊಬೆರ್ತಿಸ್ ಸಬ್‌ಮೆರೀನ್ ಬಗ್ಗೆ ಮಾಡಿದ್ದೂ ಹಂಗೇ. ಅಂದ್ಮೇಲೆ ನಟರಲ್ಲದೋರನ್ನ ಹಾಕ್ಕೊಂಡು ನಿಜವಾದ ಜಾಗದಾಗೆ ಶೂಟ್ ಮಾಡ್ಬಿಟ್ರೆ ಅದು ಸತ್ಯ ಆಗ್ಬಿಡ್ತೈತಾ? ಆಗಲ್ಲ. ಸರ್ಕಾರದ ಸುಳ್ಳನ್ನೂ ಅದೇ ರೀತಿ ಹೇಳಬಹುದು. ಅದೇ ರೊಸ್ಸೆಲಿನಿ ನಾಲ್ಕು ವರ್ಷ ಆದ್ಮೇಲೆ, ಅದೇ ಕೈ, ಅದೇ ಕಣ್ಣು, ರೋಮ್‌ನ ಜನರ ಕಡೆ ನಿಂತು ಸಿನಿಮಾ ಮಾಡಿದ.

ನಮ್ಮ ಮನೆ ದಾವಣಗೆರೆಯ ಮಂಡಕ್ಕಿ ಭಟ್ಟಿ ಇರೋ ಏರಿಯಾದಾಗೆ. ಭಟ್ಟಿ ಕೆಲಸ ನೋಡಿದೋರಿಗೆ ಗೊತ್ತು, ಬೆಳಗಿನ ಜಾವ ಎದ್ದು ಕಾದ ಮರಳಿನ ಮುಂದೆ ನಿಲ್ಲೋದು, ಹೊಗೆ, ಕಣ್ಣುರಿ. ಕ್ಯಾಮೆರಾ ತಗೊಂಡು ಆಗಾಗ ಯಾರಾದ್ರೂ ಬರ್ತಾರೆ, ಹೊಗೇಲಿ ಬಿಸಿಲು ಬಿದ್ದಾಗ ಫೋಟೋ ಚಂದ ಬರ್ತೈತಲ್ಲ, ಐದು ನಿಮಿಷ ಶೂಟ್ ಮಾಡ್ಕೊಂಡು ಹೋಗ್ತಾರೆ. ಜಾಗ ನಿಜ, ಜನ ನಿಜ, ಆದ್ರೆ ನಮ್ಮಪ್ಪ ಇಪ್ಪತ್ತು ವರ್ಷ ಆ ಭಟ್ಟಿ ಮುಂದೆ ನಿಂತಿದ್ದು ಆ ವಿಡಿಯೋದಾಗೆ ಎಲ್ಲೂ ಇಲ್ಲ. ಅದಕ್ಕೇ ನಂಗೆ ಈ ವಿಷಯದಾಗೆ ಇಷ್ಟು ಸಿಟ್ಟು.

ದುರ್ಗದ_ಬಂಡೆ:

ಮೇಲಿನೋರ ಮಾತಿಗೆ ನಮ್ಮ ಕಡೆಯಿಂದ ಒಂದು ಉದಾಹರಣೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ನಾಗರಹಾವು ತೆಗೆದಿದ್ದು ನಮ್ಮ ಚಿತ್ರದುರ್ಗದ ಕೋಟೇಲಿ. ಜಾಗ ನೂರಕ್ಕೆ ನೂರು ನಿಜ, ಆ ಬಂಡೆ ಮೇಲೆ ನಾವು ಚಿಕ್ಕೋರಿದ್ದಾಗ ಹತ್ತಿ ಇಳಿದಿದೀವಿ, ಈಗ್ಲೂ ಹೊರಗಿನೋರು ಬಂದ್ರೆ ಓಬವ್ವನ ಕಿಂಡಿ ಜೊತೆಗೆ ಆ ಸಿನಿಮಾ ಮಾತೇ ಮೊದಲು. ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಪ್ರಾಣ ಆ ಸಿನಿಮಾ ಅಂದ್ರೆ. ಆದ್ರೆ ಅದನ್ನ ಯಾರೂ ರಿಯಲಿಸಂ ಅನ್ನಲ್ಲ, ಅನ್ನೋದೂ ಬೇಕಾಗಿಲ್ಲ, ಅಲ್ಲಿ ಬಂಡೆ ಇರೋದು ರಾಮಾಚಾರಿಯ ಹಠಕ್ಕೆ ಬೆನ್ನಾಗಿ ನಿಲ್ಲೋಕೆ. ಬಂಡೆ ಒಡೆದು ಹೊಟ್ಟೆ ಹೊರೆಯೋರ ಬಂಡೆ ಬೇರೆ. ಎರಡೂ ಒಂದೇ ಬಂಡೆ. ಹಂಗಾಗಿ ಲೊಕೇಶನ್ ಒಂದರಿಂದಲೇ ಏನೂ ತೀರ್ಮಾನ ಆಗಲ್ಲ ಅನ್ನೋದಕ್ಕೆ ನಂದೂ ಒಂದು ಓಟು.

ವಿದ್ಯಾನಗರದ_ಟೀಚರ್:

ಪ್ರಶ್ನೆ ಕೇಳಿದ ತಮ್ಮನಿಗೆ, ನೀನೇ ಉತ್ತರದ ಹತ್ತಿರ ಬಂದು ನಿಂತಿದ್ದೀಯ ಅನ್ಸುತ್ತೆ. ಲಾರಿ ಬಂದು ನಿಂತಾಗ ಮೈ ಜುಂ ಅಂತು ಅಂದ್ಯಲ್ಲ, ಅಲ್ಲಿಂದಲೇ ಹಿಡ್ಕೊಂಡು ಹೋಗೋಣ.

ಒಂದು ವಿಷಯ ಗಮನಿಸಿದ್ಯಾ? ಈ ಕೊಲೆ ಕಥೇಲಿ ಕೊಲೆನೇ ತೋರಿಸಲ್ಲ. ಮೂರೂ ಜನ ಆಂಕೋನಾದಿಂದ ಕಾರಲ್ಲಿ ಹೊರಡ್ತಾರೆ, ಸ್ವಲ್ಪ ಹೊತ್ತಿನ ಮುಂಚೆ ಆ ಗಂಡ ಬ್ರಗಾನಾ ಹಾಡಿನ ಸ್ಪರ್ಧೇಲಿ ವೆರ್ದಿಯ ಒಪೆರಾ ಹಾಡು ಹಾಡಿ ಚಪ್ಪಾಳೆ ತಗೊಂಡಿರ್ತಾನೆ, ಖುಷೀಲಿರ್ತಾನೆ. ಆಮೇಲೆ ನಾವು ನೋಡೋದು ರಸ್ತೆ ಬದೀಲಿ ಪೊಲೀಸರು ವಿಚಾರಣೆ ಮಾಡ್ತಿರೋದನ್ನ. ಬೇರೆ ಯಾವನೇ ನಿರ್ದೇಶಕ ಆಗಿದ್ರೂ ಆ ಕೊಲೆ ಸೀನಿಗೇ ಎಲ್ಲಾ ಜೋರು ಹಾಕಿರ್ತಿದ್ದ.

ಆದ್ರೆ ಯಾವುದನ್ನ ಪೂರ್ತಿ ತೋರಿಸ್ತಾನೆ ನೋಡು. ಗಂಡ ಸತ್ತ ಮೇಲೆ ಹೋಟ್ಲು ಜೋರಾಗಿ ನಡೆಯುತ್ತೆ, ಅಂಗಳದಲ್ಲಿ ಸಂಗೀತ, ಜನವೋ ಜನ. ಎಲ್ಲಾ ಹೋದ ಮೇಲೆ ರಾತ್ರಿ ಜೊವಾನ್ನಾ ಅಡುಗೆಮನೆಗೆ ಬರ್ತಾಳೆ. ತೊಳೀದೇ ಇರೋ ಪಾತ್ರೆಗಳು ಎಲ್ಲಾ ಕಡೆ ಬಿದ್ದಿದಾವೆ. ಒಂದು ತಟ್ಟೆಗೆ ಊಟ ಬಡಿಸ್ಕೊಂಡು ಪೇಪರ್ ಇಟ್ಕೊಂಡು ಕೂರ್ತಾಳೆ, ಎರಡು ತುತ್ತು ಬಾಯಿಗೆ ಹೋಗುತ್ತೆ, ಅಲ್ಲೇ ತೂಕಡಿಸ್ತಾಳೆ. ಅಷ್ಟೇ. ಕಥೆ ಒಂದು ಹೆಜ್ಜೆನೂ ಮುಂದೆ ಹೋಗಲ್ಲ. ಎಡಿಟಿಂಗ್ ಟೇಬಲ್ ಮೇಲೆ ಕತ್ತರಿಸಿ ಎಸೆದ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಆತ ಇಟ್ಕೊಂಡ. ಕ್ಲಾರಾ ಕಲಮಾಯ್ ಸ್ಟಾರ್ ನಟಿ, ಗ್ಲಾಮರ್‌ಗೆ ಹೆಸರಾದೋಳು, ಆಕೆಯನ್ನ ಕೆದರಿದ ಕೂದಲಲ್ಲಿ, ದಣಿದ ಮುಖದಲ್ಲಿ ಅಲ್ಲಿ ಕೂರಿಸಿದ್ದಾನೆ. ಆ ಪಾತ್ರಕ್ಕೆ ಮೊದಲು ಅನ್ನಾ ಮಾಗ್ನಾನಿ ಗೊತ್ತಾಗಿದ್ರು, ಬಸುರಿ ಆಗಿದ್ರಿಂದ ಬಿಡ್ಬೇಕಾಯ್ತು, ಮುಂದೆ ರೋಮ್ ಓಪನ್ ಸಿಟೀಲಿ ಬೀದೀಲಿ ಓಡಿ ಬಿದ್ದು ಸಾಯೋದು ಅವರೇ.

ನಾನು ಹೈಸ್ಕೂಲ್ ಟೀಚರು, ಸಂಜೆ ಮನೆಗೆ ಬಂದ್ರೆ ಮತ್ತೆ ಒಲೆ ಮುಂದೆ ನಿಲ್ಲೋಳು. ನಂಗೆ ಬುದ್ಧಿ ಬಂದಾಗಿಂದ ಸಿನಿಮಾ ನೋಡಿದೀನಿ, ಹೀರೋಯಿನ್ ಅತ್ತಿದ್ದು ನೋಡಿದೀನಿ, ಸತ್ತಿದ್ದು ನೋಡಿದೀನಿ, ದಣಿದಿದ್ದು ನೋಡಿದ್ದು ಬಹಳ ಕಮ್ಮಿ. ಜೊವಾನ್ನಾ ಕೊಲೆಗೆ ಯಾಕೆ ಒಪ್ಪಿದ್ಲು ಅನ್ನೋದು ನಂಗೆ ಅರ್ಥ ಆಗಿದ್ದು ಅವಳ ಪ್ರೇಮದ ಮಾತಿನಿಂದ ಅಲ್ಲ. ಜೀನೋ ಬಿಟ್ಟು ಹೋಗೋಣ ಬಾ ಅಂತ ಕರೆದಾಗ ಆಕೆ ಸೂಟ್‌ಕೇಸ್ ಹಿಡ್ಕೊಂಡು ಸ್ವಲ್ಪ ದೂರ ಬಿಸಿಲಲ್ಲಿ ನಡೀತಾಳೆ, ಆಮೇಲೆ ವಾಪಸ್ ತಿರುಗ್ತಾಳೆ. ಮೊದಲು ಆಕೆಗೆ ನೆಲೆ ಇರ್ಲಿಲ್ಲ, ಗಂಡಸರು ಊಟ ಕೊಡಿಸಿದ್ರೆ ಉಂಡ ದಿನಗಳು, ಆ ಹೋಟ್ಲು ಆಕೆಗೆ ಸಿಕ್ಕ ಒಂದೇ ಸೂರು. ರಸ್ತೆ ಗಂಡಸಿಗೆ ಸ್ವಾತಂತ್ರ್ಯ, ಆಕೆಗೆ ಅಲ್ಲ. ನೀನು ಬಡತನ ಇಲ್ಲ ಅಂದ್ಯಲ್ಲ, ತಮ್ಮಾ, ಇದೇ ಬಡತನ, ಹರಿದ ಬಟ್ಟೆ ತೋರಿಸದೇನೇ ಹೇಳಿದ್ದಾನೆ.

ವಿಸ್ಕೊಂಟಿ ಅದೇ 1943ರಲ್ಲಿ ಒಂದು ಲೇಖನ ಬರೆದ, ನನ್ನನ್ನ ಸಿನಿಮಾಕ್ಕೆ ಎಳೆದು ತಂದಿದ್ದು ವಸ್ತುಗಳ ನಡುವೆ ಬದುಕೋ ಮನುಷ್ಯರ ಕಥೆ ಹೇಳ್ಬೇಕು ಅನ್ನೋದು, ಬರೀ ವಸ್ತುಗಳದ್ದಲ್ಲ ಅನ್ನೋ ಅರ್ಥದಲ್ಲಿ. ಆ ಅಡುಗೆಮನೆ ಸೀನು ನೋಡಿದ್ರೆ ಆ ಮಾತಿಗೆ ಬೇರೆ ವಿವರಣೆ ಬೇಡ.

ರೀಲು_ಡಬ್ಬಿ:

ಮೇಡಂ, ಆ ಸೂಟ್‌ಕೇಸ್ ಸೀನು ನಾನು ಸುಮ್ನೆ ನೋಡ್ಕೊಂಡು ಹೋಗಿದ್ದೆ, ಈಗ ಮತ್ತೆ ನೋಡ್ಬೇಕು. ಇನ್ನೊಂದು ಸೇರಿಸ್ತೀನಿ. ಸಿನಿಮಾದ ಎಡಿಟರ್ ಮಾರಿಯೋ ಸೆರಾಂದ್ರೇಯಿ ಫೆರಾರಾದಿಂದ ಬಂದ ರೀಲು ನೋಡಿ ವಿಸ್ಕೊಂಟಿಗೆ ಕಾಗದ ಬರೆದನಂತೆ, ಇದನ್ನ ಏನಂತ ಕರೀಬೇಕೋ ಗೊತ್ತಿಲ್ಲ, ನಿಯೋರಿಯಲಿಸ್ಟ್ ಅಂತ ಕರೀಬಹುದು ಅನ್ನೋ ಅರ್ಥದಲ್ಲಿ. ವಿಸ್ಕೊಂಟಿನೇ ಮುಂದೆ ಇದನ್ನ ಹೇಳ್ಕೊಂಡಿದ್ದಾನೆ.

ಸಿನಿಮಾಕ್ಕೆ ಆದ ಗತಿನೂ ಹೇಳಿಬಿಡ್ತೀನಿ. ಸ್ಕ್ರಿಪ್ಟಿಗೆ ಒಪ್ಪಿಗೆ ಸಿಕ್ಕಿತ್ತು, ಸಿನಿಮಾ ನೋಡಿದ ಮೇಲೆ ಅಧಿಕಾರಿಗಳು, ಚರ್ಚಿನೋರು ತಿರುಗಿಬಿದ್ರು, ಊರೂರಲ್ಲಿ ನಿಲ್ಲಿಸಿದ್ರು, ಕತ್ತರಿ ಹಾಕಿದ್ರು. ವಿತ್ತೋರಿಯೋ ಮುಸೊಲಿನಿ ಇದು ಇಟಲಿನೇ ಅಲ್ಲ ಅಂತ ಕೂಗಿ ಎದ್ದು ಹೋದ ಅನ್ನೋ ಮಾತಿದೆ. ಮೂಲ ನೆಗೆಟಿವ್ ನಾಶ ಆಯ್ತು. ವಿಸ್ಕೊಂಟಿ ಒಂದು ಪ್ರತಿ ಬಚ್ಚಿಟ್ಟಿದ್ದ, ಇವತ್ತು ನೀನು ಖಾನಾವಳೀಲಿ ಕೂತು ಫೋನಲ್ಲಿ ನೋಡಿದ್ದು ಆ ಪ್ರತಿಯ ಪುಣ್ಯ. ಸಹ ಬರಹಗಾರ ಅಲಿಕಾಟಾನ ಪೊಲೀಸರು ಹಿಡಿದು ಜೈಲಿಗೆ ಹಾಕಿದ್ರು, 1944ರಲ್ಲಿ ವಿಸ್ಕೊಂಟಿನೂ ಅರೆಸ್ಟ್ ಆದ, ಆದ್ರೆ ಅವೆರಡೂ ಈ ಸಿನಿಮಾಕ್ಕಾಗಿ ಅಲ್ಲ, ಸರ್ಕಾರದ ವಿರುದ್ಧ ಕೆಲಸ ಮಾಡಿದ್ದಕ್ಕೆ. ಅಡುಗೆಮನೇಲಿ ತೂಕಡಿಸೋ ಹೆಂಗಸನ್ನ ಕಂಡ್ರೆ ಒಂದು ಸರ್ಕಾರಕ್ಕೆ ಅಷ್ಟು ಭಯ ಆಗುತ್ತೆ ಅಂದ್ರೆ, ಆ ಸೀನಿನ ಬಲ ಎಷ್ಟು ನೋಡಿ.

ಮಂಡಕ್ಕಿ_ಭಟ್ಟಿ:

ಮೇಡಂ ಹೇಳಿದ ಮೇಲೆ ನನ್ನ ವಾದ ಸ್ವಲ್ಪ ಬದಲಾಯಿಸ್ಕೊಂತೀನಿ. ಬೇರು ಹಳೇದು ಅನ್ನೋದು ಬಿಡಲ್ಲ. ಆದ್ರೆ ನೌಕಾಪಡೆ ಸಿನಿಮಾಕ್ಕೂ ಇದಕ್ಕೂ ಇರೋ ವ್ಯತ್ಯಾಸ ಆ ದಣಿವಲ್ಲೇ ಐತೆ. ಪ್ರಚಾರದ ಸಿನಿಮಾದಾಗೆ ಕೆಲಸ ಮಾಡೋನು ದಣಿಯೋ ಹಂಗಿಲ್ಲ, ದಣಿದ್ರೂ ದೇಶಕ್ಕೆ ಅಂತ ದಣೀಬೇಕು. ಜೊವಾನ್ನಾ ಯಾರಿಗಾಗೂ ದಣಿದಿಲ್ಲ, ಸುಮ್ನೆ ದಣಿದಾಳೆ.

ಹೈವೇ_ಖಾನಾವಳಿ:

ಎಲ್ರಿಗೂ ಬಹಳ ಥ್ಯಾಂಕ್ಸ್. ಎರಡು ದಿನ ಬರೆಯೋಕೆ ಆಗ್ಲಿಲ್ಲ, ಜಾತ್ರೆ ಸೀಸನ್ನು, ರಶ್ ಇತ್ತು. ನಿನ್ನೆ ರಾತ್ರಿ ಬಾಗ್ಲು ಹಾಕಿದ ಮೇಲೆ ಮೇಡಂ ಹೇಳಿದ ಆ ಅಡುಗೆಮನೆ ಸೀನು ತೆಗೆದು ಅಮ್ಮಂಗೆ ತೋರಿಸ್ದೆ. ಅಮ್ಮ ಹಂಚು ಆರೋಕೆ ಬಿಟ್ಟು ಪಕ್ಕದಾಗೆ ಕೂತಿದ್ಲು. ಭಾಷೆ ಗೊತ್ತಿಲ್ಲ, ಕಥೆ ನಾನು ಹೇಳಿರ್ಲಿಲ್ಲ, ಆ ಸೀನಲ್ಲಿ ಮಾತೂ ಇಲ್ಲ. ಸುಮ್ನೆ ನೋಡಿದ್ಲು. ನೋಡಿ, ಪಾತ್ರೆ ನೀರಲ್ಲಿ ನೆನೆ ಹಾಕಿ ಕೂರಬೇಕಿತ್ತು ಆಕೆ, ಒಣಗಿದ್ರೆ ಬೆಳಿಗ್ಗೆ ತಿಕ್ಕೋಕೆ ಕೈ ಬಿದ್ದೋಗ್ತಾವೆ, ಮನೇಲಿ ಇನ್ಯಾರೂ ಇಲ್ವಾ ಆಕೆಗೆ ಅಂದ್ಲು. ನಾನು ಗಂಡ ಸತ್ತೋಗಿದಾನೆ ಅಂದೆ. ಹೆಂಗೆ ಅಂದ್ಲು. ಅದಕ್ಕೆ ನಾನು ಉತ್ತರ ಕೊಡ್ಲಿಲ್ಲ, ಪೂರ್ತಿ ಸಿನಿಮಾ ಕೂರಿಸಿ ತೋರಿಸ್ತೀನಿ ಅಂದೀನಿ.

ನನ್ನ ಪ್ರಶ್ನೇಲಿ ಬೀದಿ ಜನ ಇಲ್ಲ ಅಂದಿದ್ದೆ, ಅದು ಈಗ ತಪ್ಪು ಅನ್ನಿಸ್ತೈತೆ. ಸ್ಟಾರ್ ಇದ್ದಾರೆ, ಆದ್ರೆ ಅವರ ಸುತ್ತ ಸಂತೆ, ರೈಲು, ಗಿರಾಕಿಗಳು, ಬಿಸಿಲು ಎಲ್ಲಾ ಹಂಗೇ ಬಿಟ್ಟಿದಾನೆ, ಒರೆಸಿ ಹಾಕಿಲ್ಲ. ಮುಂದೆ ಇವನದ್ದೇ ಯಾವುದು ನೋಡ್ಲಿ?

ವಿದ್ಯಾನಗರದ_ಟೀಚರ್:

1948ರ ಲಾ ತೆರ್ರಾ ತ್ರೇಮಾ ನೋಡು. ಸಿಸಿಲಿಯ ಆಚಿ ತ್ರೆಜ್ಜಾ ಅನ್ನೋ ಮೀನುಗಾರರ ಊರಲ್ಲಿ ಆ ಊರಿನೋರನ್ನೇ ಇಟ್ಕೊಂಡು ಮಾಡಿದ್ದು, ವೆರ್ಗಾನ ಕಾದಂಬರಿ ಆಧಾರ, ಅಂತೂ ಐದಾರು ವರ್ಷದ ಮೇಲೆ ಅಲ್ಲಿಗೇ ಹೋಗಿ ಮುಟ್ಟಿದ. ಅವರ ಮಾತು ಇಟಲಿಯ ಬೇರೆ ಕಡೆಯೋರಿಗೇ ತಿಳೀತಿರ್ಲಿಲ್ಲ, ಅದಕ್ಕೆ ಇಟಾಲಿಯನ್‌ನಲ್ಲಿ ನಿರೂಪಣೆ ಸೇರಿಸಿದ್ದಾರೆ. ಉದ್ದ ಇದೆ, ಎರಡೂವರೆ ತಾಸಿಗೂ ಜಾಸ್ತಿ. ದಣಿದು ಬಂದ ರಾತ್ರಿ ಹಚ್ಚಬೇಡ, ನಿಧಾನಕ್ಕೆ ಒಂದೇ ಸಲ ಕೂತು ನೋಡು. ಅಮ್ಮನ್ನೂ ಕರಿ, ಅದರಲ್ಲಿ ಮನೆ ಹೆಂಗಸರು ದಡದಲ್ಲಿ ನಿಂತು ದೋಣಿಗೆ ಕಾಯೋದಿದೆ.

ಹೈವೇ_ಖಾನಾವಳಿ:

ಆಯ್ತು ಮೇಡಂ. ಸೋಮವಾರ ಮಧ್ಯಾಹ್ನ ಮೂರರಿಂದ ಆರರ ತನಕ ಗಿರಾಕಿ ಕಮ್ಮಿ ಇರ್ತಾರೆ, ಅಪ್ಪಂಗೆ ಗಲ್ಲಾ ಜೊತೆ ಸಪ್ಲೈನೂ ನೋಡ್ಕೊಳ್ಳೋಕೆ ಹೇಳ್ತೀನಿ.